ಮಗ ಮಾಂತ್ರಿಕನ ಪಾತ್ರ ಆಡಿದರೆ ಹೆದರಬೇಕೆ?

ರಜೆಯ ದಿನಗಳು ಬಂದವೆಂದರೆ ನಮ್ಮ ದವಾಖಾನೆಗೆ ಬರುವ ದೂರುಗಳ ಬಗೆಯೇ ಬೇರೆಯಾಗುತ್ತದೆ. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಓದುವ ಮಕ್ಕಳು ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ತಮ್ಮ ಮನೆಗಳಿಗೆ ಬರುತ್ತಾರೆ. ಅವರ ಹಿಂದೆಯೇ ತಾಯಂದಿರ ಚಿಂತೆಯೂ ಬರುತ್ತದೆ. ಊಟ ಸೇರುವುದಿಲ್ಲ, ಬೆಳಿಗ್ಗೆ ಏಳುವುದಿಲ್ಲ ಎಂಬುವು ಹಳೆಯ ದೂರುಗಳು. ಈಚೆಗೆ ಕೇಳಿಬಂದ ಹೊಸ ದೂರು ಇದು: “ಡಾಕ್ಟರ್ರೀ, ನಮ್ಮ ಹುಡುಗ ನಾಕು ಮಂದಿ ಗೆಳೆಯಾರನ್ನ ಕೂಡಿಸ್ಕೊಂಡು ರಾತ್ರಿ ಎರಡರ ತನಕ ಕುಂದರ್ತಾನ್ರೀ. ತಾನೊಬ್ಬ ಮಂತ್ರವಾದಿ ಅಂತಾನ. ಪುಸ್ತಕದಾಗ ಬರೇ ದೆವ್ವ, ರಾಕ್ಷಸರ ಚಿತ್ರ ಅದಾವ. ತಲಿಗೆ ಏನರ ಆಗೇತೇನ್ರೀ?”

ಆ ಹುಡುಗನ ತೋಳಿಗೆ ಆಗಲೇ ಒಂದು ತಾಯಿತ ಕಟ್ಟಿಯಾಗಿತ್ತು. ಪುಸ್ತಕವನ್ನು ಒಲೆಗೆ ಹಾಕುವ ಮಾತೂ ಮನೆಯಲ್ಲಿ ನಡೆದಿತ್ತು. ಓದುಗರಲ್ಲಿ ಇನ್ನೂ ಕೆಲವರ ಮನೆಯಲ್ಲಿ ಇಂಥ ಪುಸ್ತಕ ಇರಬಹುದು. ಒಲೆ ಹೊತ್ತಿಸುವ ಮೊದಲು ಈ ಆಟ ಏನೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ 1974ರಲ್ಲಿ ಇದು ಹೊರಬಂತು. ರೂಪಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಗೈಗ್ಯಾಕ್ಸ್ ವಿಮಾ ಸಂಸ್ಥೆಯ ನೌಕರಿ ಕಳೆದುಕೊಂಡು, ಮನೆಯಲ್ಲೇ ಬೂಟು ರಿಪೇರಿ ಮಾಡಿ ಸಂಸಾರ ಸಾಗಿಸುತ್ತಿದ್ದ ಮನುಷ್ಯ. ಒಂದು ಪೆಟ್ಟಿಗೆಯಲ್ಲಿ ಮೂರು ಕಿರುಪುಸ್ತಕಗಳು, ಬೆಲೆ ಹತ್ತು ಡಾಲರ್. ಮೊದಲು ಅಚ್ಚಾದದ್ದು ಸಾವಿರ ಪ್ರತಿ. ಅವು ಖರ್ಚಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ಆಟಕ್ಕೆ ಮೇಜು, ಕಾಗದ, ಪೆನ್ಸಿಲ್, ದಾಳ ಇದ್ದರೆ ಸಾಕು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಪೂಜಾರಿ. “ನಿಮ್ಮೆದುರು ಕತ್ತಲ ಗುಹೆಯಿದೆ, ಏನು ಮಾಡುತ್ತೀರಿ?” ಎಂದು ಕಥೆ ನಡೆಸುವವನು ಕೇಳುತ್ತಾನೆ. ಇವರು ಮಾತಿನಲ್ಲೇ ಉತ್ತರಿಸುತ್ತಾರೆ. ಮಾಡಹೊರಟದ್ದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಇಡೀ ಆಟ ಇಷ್ಟೇ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ದೊಡ್ಡಾಟ. ಹಾವೇರಿ ಜಿಲ್ಲೆಯವರಿಗೆ ದೊಡ್ಡಾಟದ ಪರಿಚಯ ಮಾಡಿಕೊಡಬೇಕಾದ ಪ್ರಮೇಯವಿಲ್ಲ. ಹೊಲದ ಕೆಲಸ ಮುಗಿಸಿದ ರೈತರು ತಿಂಗಳುಗಟ್ಟಲೆ ಮಾಸ್ತರರ ಕೈಯಲ್ಲಿ ಕಲಿತು, ಕಿರೀಟ, ಭುಜಕೀರ್ತಿ ಕಟ್ಟಿ, ರಾತ್ರಿಯಿಡೀ ಕುಣಿಯುತ್ತಾರೆ. ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು, ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಆ ಹುಡುಗರ ಮೇಜಿನ ಸುತ್ತ ಕಥೆ ನಡೆಸುವವನ ಕೆಲಸವೂ ಸುಮಾರಾಗಿ ಇದೇ. ರಾತ್ರಿ ದುರ್ಯೋಧನನಾಗಿ ಗರ್ಜಿಸಿದವನು ಬೆಳಗಾದ ಮೇಲೆ ಬಣ್ಣ ತೊಳೆದು ಎತ್ತಿಗೆ ಮೇವು ಹಾಕಲು ಹೋಗುತ್ತಾನೆ. ಅವನ ತಲೆ ಕೆಟ್ಟಿದೆಯೆಂದು ಯಾರೂ ದವಾಖಾನೆಗೆ ಕರೆತಂದದ್ದಿಲ್ಲ. ಪಾತ್ರ ಬೇರೆ, ತಾನು ಬೇರೆ ಎಂಬ ತಿಳಿವು ಅವನಿಗಿದೆ ಎಂಬುದು ಊರಿಗೇ ಗೊತ್ತು. ಮಾಂತ್ರಿಕನಾದ ಹುಡುಗನಿಗೂ ಅದೇ ತಿಳಿವಿದೆ. ಅವ್ವ ಚಹಾ ತಂದರೆ ಮಂತ್ರ ನಿಲ್ಲಿಸಿ ಲೋಟ ಹಿಡಿಯುತ್ತಾನೆ.

ಇನ್ನು ರಾಕ್ಷಸರ ವಿಷಯ. 1977ರಲ್ಲಿ ಬಂದ ಮಾನ್ಸ್ಟರ್ ಮ್ಯಾನ್ಯುಯಲ್ ಎಂಬ ಪುಸ್ತಕದಲ್ಲಿ ನಮ್ಮ ರಾಕ್ಷಸನೇ ಇದ್ದಾನೆ, ಹೆಸರೂ ಅದೇ. ಚಿತ್ರದಲ್ಲಿ ಅವನಿಗೆ ಹುಲಿಯ ತಲೆ, ಕೈಯಲ್ಲಿ ಹೊಗೆಯ ಪೈಪು. ಧೂಮಪಾನದ ಮಟ್ಟಿಗೆ ಆ ಚಿತ್ರಕಾರನ ಮೇಲೆ ನನ್ನ ತಕರಾರಿದೆ. ಅದು ಬಿಟ್ಟರೆ ಅಜ್ಜಿಯ ಕಥೆಗಳಲ್ಲಿ ಕೇಳದಂಥದ್ದು ಅದರಲ್ಲಿ ಹೆಚ್ಚೇನೂ ಇಲ್ಲ.

ನನ್ನ ಬಳಿ ಬಂದ ಹುಡುಗನ ಹುಚ್ಚು ಇನ್ನೂ ಒಂದು ಹೆಜ್ಜೆ ಮುಂದೆ. ಈಗಿನ ಆವೃತ್ತಿ ಅವನಿಗೆ ಬೇಡ, 1970ರ ದಶಕದ ಹಳೆಯ ಆವೃತ್ತಿಯೇ ಬೇಕು. ಆ ಪುಸ್ತಕಗಳ ಕಂಪ್ಯೂಟರ್ ಪ್ರತಿಗಳನ್ನು ಪ್ರಕಾಶಕರೇ ಮಾರುತ್ತಾರಂತೆ. ಅದನ್ನು ಕೊಂಡು, ರಾಣೆಬೆನ್ನೂರಿನಲ್ಲಿ ಪ್ರಿಂಟ್ ಹಾಕಿಸಿ, ಬೈಂಡ್ ಮಾಡಿಸಿ ಇಟ್ಟುಕೊಂಡಿದ್ದ. ತಾನು ಹುಟ್ಟುವ ಎಷ್ಟೋ ವರ್ಷ ಮೊದಲಿನ ಪುಸ್ತಕದ ಮೇಲೆ ಇಷ್ಟು ಮೋಹ ಏಕೆ ಎಂದು ಕೇಳಿದೆ. ಅವನು ಕೊಟ್ಟ ಉತ್ತರ ವೈದ್ಯನಾದ ನನಗೆ ಬಹಳ ಹಿಡಿಸಿತು: “ಹೊಸದರಾಗ ಯಾರೂ ಲಗೂ ಸಾಯಂಗಿಲ್ರೀ.”

ವಿವರ ಹೀಗಿದೆ. ಆಟದಲ್ಲಿ ಪ್ರತಿಯೊಂದು ಪಾತ್ರಕ್ಕೂ ದೇಹಬಲ, ಬುದ್ಧಿ, ವಿವೇಕ, ಚುರುಕುತನ, ಆಕರ್ಷಣೆ ಎಂದು ಅಂಕಗಳಿವೆ. ದೇಹದ ತಾಳಿಕೆಗೂ ಒಂದು ಅಂಕವಿದೆ. 1974ರ ಕ್ರಮದಲ್ಲಿ ಒಂದೊಂದಕ್ಕೂ ಆರು ಮುಖದ ಮೂರು ದಾಳ ಉರುಳಿಸಿ, ಬಿದ್ದದ್ದನ್ನು ಒಪ್ಪಿಕೊಳ್ಳಬೇಕು. ಪೂರ್ಣ 18 ಬೀಳುವುದು 216ರಲ್ಲಿ ಒಂದು ಸಲ. ಆದ್ದರಿಂದ ಬಹುಪಾಲು ನಾಯಕರು ನಿಮ್ಮ ನಮ್ಮಂಥ ಸಾಧಾರಣ ಮೈಕಟ್ಟಿನವರೇ. ಇದರ ಜೊತೆ ಜೀವದ ಅಂಕಗಳು ಬೇರೆ. ಪೆಟ್ಟು ಬಿದ್ದ ಹಾಗೆ ಅವು ಕಡಿಮೆಯಾಗುತ್ತವೆ, ಸೊನ್ನೆಯಾದರೆ ಕಥೆ ಮುಗಿಯಿತು. 1979ರ ಪುಸ್ತಕದ ಪ್ರಕಾರ ಗಾಯಗೊಂಡವನು ಒಂದು ದಿನ ವಿಶ್ರಾಂತಿ ಪಡೆದರೆ ಮರಳಿ ಬರುವುದು ಒಂದೇ ಅಂಕ. ವಾರಗಟ್ಟಲೆ ಮಲಗಬೇಕು. 2014ರ ಐದನೆಯ ಆವೃತ್ತಿಯಲ್ಲಿ ಒಂದು ರಾತ್ರಿ ಮಲಗಿ ಎದ್ದರೆ ಅಷ್ಟೂ ಅಂಕ ವಾಪಸು!

ನನ್ನ ಮತ ಹಳೆಯ ಪುಸ್ತಕದ ಕಡೆಗಿದೆ. ಟೈಫಾಯಿಡ್ ಜ್ವರ ಇಳಿದ ಮರುದಿನವೇ ಹೊಲಕ್ಕೆ ಹೊರಡುವವರಿಗೆ, ಮುರಿದ ಕಾಲಿನ ಪ್ಲಾಸ್ಟರನ್ನು ಮೂರು ವಾರಕ್ಕೇ ಬಿಚ್ಚಿಸಿಕೊಳ್ಳಲು ಅವಸರಿಸುವವರಿಗೆ ದೇಹ ತನ್ನ ಲೆಕ್ಕದಲ್ಲೇ ಮಾಯುತ್ತದೆಂದು ಹೇಳಿ ಹೇಳಿ ನಮಗೆ ಸಾಕಾಗಿದೆ. ಆ ಲೆಕ್ಕವನ್ನು ಒಂದು ಆಟದ ಪುಸ್ತಕ ಹುಡುಗರಿಗೆ ಕಲಿಸುತ್ತಿದ್ದರೆ ಬೇಡವೆನ್ನಲು ನಾನ್ಯಾರು? ಹಳೆಯದನ್ನು ಮೆಚ್ಚುವವರು ಹೇಳುವ ಇನ್ನೊಂದು ಕಾರಣವೂ ಇದೆ. ಆರಂಭದ ಪುಸ್ತಕಗಳು ಚಿಕ್ಕವು, ಬಿಟ್ಟ ಸ್ಥಳ ಹೆಚ್ಚು. ಪುಸ್ತಕದಲ್ಲಿ ಇಲ್ಲದ್ದನ್ನು ಕೂತವರೇ ಮಾತಾಡಿ ತೀರ್ಮಾನಿಸಬೇಕು. ನಮ್ಮ ಚೌಕಾಬಾರದಂತೆಯೇ ಇದು. ನಾಲ್ಕು ಕವಡೆ ಅಂಗಾತ ಬಿದ್ದರೆ ಚೌಕ, ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಇಷ್ಟರಲ್ಲಿ ಜಗಳವಿಲ್ಲ. ಕಾಯಿ ಕಡಿಯದೆ ಒಳಮನೆಗೆ ಹೋಗಬಹುದೇ ಎಂದು ಕೇಳಿ ನೋಡಿ, ಓಣಿಗೊಂದು ಕಾನೂನು ಹೇಳುತ್ತಾರೆ.

ಇಲ್ಲಿ ನಮ್ಮ ವೃತ್ತಿಯವರೊಬ್ಬರ ಹೆಸರು ಹೇಳಲೇಬೇಕು. 1974ರ ಪುಸ್ತಕಗಳು ಹೊಸಬರಿಗೆ ಸುಲಭವಾಗಿ ಅರ್ಥವಾಗುತ್ತಿರಲಿಲ್ಲ. ಅವನ್ನು ಹೊಸಬರಿಗಾಗಿ ತಿದ್ದಿ, 48 ಪುಟಗಳ ಪುಸ್ತಕವಾಗಿ 1977ರಲ್ಲಿ ಕೊಟ್ಟವರು ಜೆ. ಎರಿಕ್ ಹೋಮ್ಸ್. ಅವರು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ನರರೋಗ ತಜ್ಞ. ಮಿದುಳಿನ ಕಾಯಿಲೆಗಳನ್ನು ನೋಡುವುದೇ ಕಸುಬಾದವರು ಬಿಡುವಿನಲ್ಲಿ ಈ ಆಟ ಆಡಿಸುತ್ತಿದ್ದರು ಎಂಬ ಸಂಗತಿಯಿಂದ ತಾಯಂದಿರಿಗೆ ಸ್ವಲ್ಪ ಸಮಾಧಾನವಾದೀತು.

ಆದರೂ ಹೆದರಿಕೆ ಹುಟ್ಟಿದ್ದು ಹಲಗೇರಿಯಲ್ಲಿ ಮಾತ್ರವಲ್ಲ, ಅಮೆರಿಕದಲ್ಲೇ ಮೊದಲು ಹುಟ್ಟಿತು. 1979ರ ಆಗಸ್ಟ್‌ನಲ್ಲಿ ಮಿಷಿಗನ್ ರಾಜ್ಯದ ವಿಶ್ವವಿದ್ಯಾಲಯವೊಂದರಿಂದ 16 ವರ್ಷದ ಪ್ರತಿಭಾವಂತ ವಿದ್ಯಾರ್ಥಿಯೊಬ್ಬ ಕಾಣೆಯಾದ. ಹುಡುಕಲು ಬಂದ ಖಾಸಗಿ ಪತ್ತೇದಾರ, ಹುಡುಗ ಈ ಆಟದ ಗುಂಗಿನಲ್ಲಿ ವಿಶ್ವವಿದ್ಯಾಲಯದ ನೆಲದಡಿಯ ಸುರಂಗಗಳಲ್ಲಿ ಸಿಕ್ಕಿಹಾಕಿಕೊಂಡಿರಬಹುದು ಎಂದ. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. ಒಂದು ತಿಂಗಳಲ್ಲಿ ಹುಡುಗ ಸಿಕ್ಕ, ಮರುವರ್ಷ ತೀರಿಕೊಂಡ. ಅವನನ್ನು ಕಾಡಿದ್ದು ಖಿನ್ನತೆ, ಒಂಟಿತನ, ಓದಿನ ಒತ್ತಡ, ಮಾದಕ ವಸ್ತು ಎಂಬುದನ್ನು ಅದೇ ಪತ್ತೇದಾರ 1984ರಲ್ಲಿ ಪುಸ್ತಕ ಬರೆದು ಹೇಳಿದ. ಅಷ್ಟರಲ್ಲಿ ಕಾಲ ಮಿಂಚಿತ್ತು. 1983ರ ಹೊತ್ತಿಗೆ ಆಟದ ವಿರುದ್ಧ ಒಂದು ಸಂಘವೇ ಹುಟ್ಟಿಕೊಂಡಿತ್ತು, 1985ರಲ್ಲಿ ಟೀವಿಯಲ್ಲಿ ದೊಡ್ಡ ಚರ್ಚೆ ನಡೆಯಿತು, 1989ರ ಆವೃತ್ತಿಯಲ್ಲಿ ಪ್ರಕಾಶಕರು ಪಿಶಾಚಿಗಳ ಹೆಸರುಗಳನ್ನೇ ಬದಲಾಯಿಸಿಬಿಟ್ಟರು.

ಆ ಹುಡುಗನ ಕಥೆಯಲ್ಲಿ ನನ್ನನ್ನು ಕಾಡುವುದು ಸುರಂಗವಲ್ಲ. ಎಲ್ಲರ ಕಣ್ಣೂ ಆಟದ ಪುಸ್ತಕದ ಮೇಲೆ ನೆಟ್ಟಿದ್ದಾಗ, ಕಾಯಿಲೆಯನ್ನು ಕಾಯಿಲೆಯಾಗಿ ನೋಡುವವರು ಇರಲಿಲ್ಲ. ನಮ್ಮಲ್ಲೂ ಇದೇ ಆಗುತ್ತಿದೆ. ನನಗೆ ತಿಳಿದ ಒಂದು ಮನೆಯಲ್ಲಿ, ಹುಡುಗ ಐದು ತಿಂಗಳಿಂದ ಊಟ ಬಿಟ್ಟಿದ್ದ, ಗೆಳೆಯರನ್ನು ದೂರ ಮಾಡಿದ್ದ, ನಸುಕಿನ ಮೂರಕ್ಕೆ ಎದ್ದು ಕೂರುತ್ತಿದ್ದ. ಮೊಬೈಲು ಕಸಿದುಕೊಂಡರು, ಹರಕೆ ಹೊತ್ತರು, ಮೂರು ಊರಿನ ಅಂತ್ರ ಕಟ್ಟಿಸಿದರು. ಅವನಿಗಿದ್ದದ್ದು ಖಿನ್ನತೆ. ಧಾರವಾಡದ ಡಿಮ್ಹಾನ್ಸ್‌ಗೆ ಕಳಿಸಿದ ಮೇಲೆ, ಎರಡು ತಿಂಗಳ ಔಷಧಿಯಲ್ಲಿ ಮುಖದ ಮೇಲೆ ಮೊದಲಿನ ಕಳೆ ಬಂತು. ಕಳೆದುಹೋದ ಐದು ತಿಂಗಳಿನಿಂದ ಅವನ ಒಂದು ವರ್ಷದ ಓದು ಹೋಯಿತು.

ಹಾಗಾದರೆ ಆಟ ಯಾವುದು, ಕಾಯಿಲೆ ಯಾವುದು? ದಾಳ ಎತ್ತಿಟ್ಟ ಮೇಲೂ ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನುವುದು, ಮನೆಯವರೇ ವಿಷ ಹಾಕುತ್ತಾರೆಂದು ಸಂಶಯಪಡುವುದು, ಸ್ನಾನ, ಬಟ್ಟೆಗಳ ಪರಿವೆ ಬಿಡುವುದು, ವಾರಗಟ್ಟಲೆ ನಿದ್ರೆ ಕೆಡುವುದು, ಮೊದಲು ಇಷ್ಟವಾಗಿದ್ದ ಯಾವುದರಲ್ಲೂ ಆಸೆ ಉಳಿಯದಿರುವುದು, ಬದುಕು ಸಾಕೆನ್ನುವ ಮಾತು. ಇವುಗಳಲ್ಲಿ ಒಂದನ್ನು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ. ಆಟ ಆಡುವವರಲ್ಲೂ ಇವು ಬರಬಹುದು, ಆಡದವರಲ್ಲೂ ಬರಬಹುದು. ಗಮನಿಸಿ, ಖಿನ್ನತೆ ಬಂದ ಹುಡುಗ ಹೆಚ್ಚಾಗಿ ಆಟವನ್ನೇ ಬಿಟ್ಟಿರುತ್ತಾನೆ. ನಾಲ್ಕು ಗೆಳೆಯರ ನಡುವೆ ಕೂತು ನಗುತ್ತಿರುವವನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ರಾತ್ರಿ-ಹಗಲೆನ್ನದೆ ಉಚಿತವಾಗಿ ಮಾತಾಡಲು ಟೆಲಿ-ಮಾನಸ್ ಎಂಬ ಸರಕಾರಿ ಸಹಾಯವಾಣಿಯಿದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

“ಆಟದ ಚಟವೂ ರೋಗವೆಂದು ಪೇಪರಿನಲ್ಲಿ ಬಂದಿತ್ತಲ್ಲ” ಎಂದು ಕೆಲವರು ಕೇಳುತ್ತಾರೆ. ನಿಜ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಅದು ಸೇರಿದೆ, 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಆದರೆ ಅಲ್ಲಿ ಹೇಳಿರುವುದು ಕಂಪ್ಯೂಟರ್, ಮೊಬೈಲುಗಳ ಆಟ. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಂಡರೆ ಮಾತ್ರ ರೋಗವೆನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ ಪ್ರತ್ಯೇಕ ಚಿಕಿತ್ಸಾಲಯವಿದೆ. ನನ್ನ ಅನುಭವದಲ್ಲಿ ಮನೆ ಹಾಳುಮಾಡಿದ್ದು ಮೊಬೈಲಿನ ರಮ್ಮಿ, ಹಿತ್ತಿಲ ಅಂದರ್-ಬಾಹರ್. ಹಣ ಕಟ್ಟುವ ಆನ್‌ಲೈನ್ ಆಟಗಳ ವಿರುದ್ಧ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿತು. ಮಗ ಮೇಜಿನ ಮೇಲೆ ದಾಳ ಉರುಳಿಸಿದರೆ ತಾಯಿತ ಕಟ್ಟುವ ಅಪ್ಪ, ತಾನು ಹಬ್ಬದ ನೆಪದಲ್ಲಿ ಇಸ್ಪೀಟಿಗೆ ಐದು ಸಾವಿರ ಕಳೆದು ಬಂದರೆ ಅದಕ್ಕೆ ಏನು ಕಟ್ಟೋಣ?

ಕೂತು ಆಡುವ ಆಟಗಳಿಂದ ಲಾಭವೂ ಇದ್ದೀತು. ನ್ಯೂಯಾರ್ಕಿನಲ್ಲಿ 75 ದಾಟಿದ 469 ವೃದ್ಧರನ್ನು ಹಲವು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಣೆಯ ಆಟ ಆಡುವವರಲ್ಲಿ, ಓದುವವರಲ್ಲಿ, ವಾದ್ಯ ನುಡಿಸುವವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತ್ತು. ಆಟದಿಂದಲೇ ಕಡಿಮೆಯಾಯಿತು ಎಂದು ಇದರಿಂದ ಸಿದ್ಧವಾಗುವುದಿಲ್ಲ. ತಲೆ ಚುರುಕಾಗಿರುವವರೇ ಹೆಚ್ಚು ಆಡುತ್ತಿದ್ದಿರಬಹುದು. ಅದೇನೇ ಇರಲಿ, ಯುಗಾದಿಗೆ ಪಗಡೆ ಹಾಸುವ ನಮ್ಮ ಕಡೆಯ ಅಜ್ಜಂದಿರು ಗರ ಎಣಿಸುವ ವೇಗ ನೋಡಿದವರಿಗೆ ಆಟ ಬಿಡಿ ಎನ್ನಲು ಬಾಯಿ ಬರುವುದಿಲ್ಲ.

ನಿದ್ರೆಯ ವಿಷಯದಲ್ಲಿ ಮಾತ್ರ ನಾನು ತಾಯಂದಿರ ಪಕ್ಷ. ಹದಿಹರೆಯದವರಿಗೆ ರಾತ್ರಿ 8ರಿಂದ 10 ತಾಸು, ದೊಡ್ಡವರಿಗೆ ಕನಿಷ್ಠ 7 ತಾಸು ನಿದ್ರೆ ಬೇಕು. ದೊಡ್ಡಾಟ ವರ್ಷಕ್ಕೊಮ್ಮೆ ನಡೆಯುವುದು. ಈ ಹುಡುಗರದು ದಿನಾ ನಡೆದರೆ ಆಗದು. ರಾತ್ರಿ ಹತ್ತಕ್ಕೆ ಕಥೆ ಎಲ್ಲಿಗೆ ಬಂದಿದೆಯೋ ಅಲ್ಲಿಗೇ ನಿಲ್ಲಿಸಲಿ, ಗುಹೆ ಎಲ್ಲಿಗೂ ಓಡಿಹೋಗುವುದಿಲ್ಲ. ತಾಸಿಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಲಿ. ಸಂಜೆ ಆದ ಮೇಲೆ ಚಹಾ ಒಂದೇ ಸಲ ಕೊಡಿ. ಮಿರ್ಚಿ ಭಜಿಯ ಬದಲು ಗಿರ್ಮಿಟ್ ಮಾಡಿ, ಎಣ್ಣೆ ಅಷ್ಟು ಕಡಿಮೆ ಹೋಗುತ್ತದೆ. ಸಾಧ್ಯವಾದರೆ ತಂದೆಯೂ ಒಂದು ಸಂಜೆ ಮೇಜಿನ ಬಳಿ ಕೂತು ತಾನೂ ಒಂದು ಪಾತ್ರ ತೆಗೆದುಕೊಳ್ಳಲಿ. ಮೀಸೆ ಚಿಗುರಿದ ಮಗನ ಜೊತೆ ಮೂರು ತಾಸು ಮಾತಾಡುವ ಅವಕಾಶ ಬೇರೆ ಕಡೆ ಸಿಗುವುದು ಕಷ್ಟ. ಆಟದ ನಡುವೆ ಯಾರಾದರೂ ಗುಟ್ಕಾ ಚೀಟಿ ಹರಿದರೆ, ಅದನ್ನು ಮಾತ್ರ ಧಾರಾಳವಾಗಿ ಒಲೆಗೆ ಹಾಕಬಹುದು.