ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನೀರುಹಕ್ಕಿಗಳು ಮೀನುಗಳ್ಳರು, ಅವುಗಳ ಹಿಕ್ಕೆಯಿಂದ ನೀರೆಲ್ಲ ಹೊಲಸು – ಈ ಮಾತನ್ನು ಓದುಬರಹ ಬಲ್ಲವರ ಬಾಯಲ್ಲೂ ನಾವು ಕೇಳಿದ್ದೇವೆ. ಹಿಕ್ಕೆ ನಾರುವುದು ನಿಜ. ಅದರ ಮೇಲೆ ಕಟ್ಟಿದ ತೀರ್ಪು ಮಾತ್ರ ಶುದ್ಧ ತಪ್ಪು.

ಒಡಿಶಾದ ಚಿಲಿಕಾವನ್ನೇ ನೋಡೋಣ. ಕಡಲಿಗೆ ಅಳಿವೆಯಿಂದ ಕೂಡಿಕೊಂಡ ಈ ಸವುಳುನೀರಿನ ಸರೋವರಕ್ಕೆ ಚಳಿಗಾಲದಲ್ಲಿ ಸುಮಾರು 10 ಲಕ್ಷ ಹಕ್ಕಿಗಳು ಬಂದಿಳಿಯುತ್ತವೆ. ಎಲ್ಲವೂ ಮೀನು ತಿನ್ನುವವಲ್ಲ. ಬಾತುಗಳಲ್ಲಿ ಹಲವಕ್ಕೆ ನೀರಕಳೆ, ಬೀಜಗಳೇ ಆಹಾರ. ರಾಜಹಂಸ ಕೆಸರುನೀರನ್ನು ಸೋಸಿ ಉಣ್ಣುತ್ತದೆ. ಪಟ್ಟೆತಲೆಯ ಹೆಬ್ಬಾತು ದಂಡೆಯ ಹುಲ್ಲನ್ನೂ ಗದ್ದೆಯ ಪೈರನ್ನೂ ಮೇದು ನೀರಿಗೆ ಮರಳುತ್ತದೆ. ಹೀಗೆ ನೆಲದ ಸಾರಜನಕ, ರಂಜಕಗಳು ಕೂಲಿಯಿಲ್ಲದೆ ಸರೋವರ ಸೇರುತ್ತವೆ. ಹಿಕ್ಕೆ ಕರಗಿದಲ್ಲಿ ಕಣ್ಣಿಗೆ ಕಾಣದ ಪಾಚಿ ಹುಟ್ಟುತ್ತದೆ, ಪಾಚಿಯನ್ನು ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಮೀನುಮರಿಗಳು. ಹಕ್ಕಿಗಳು ಕಿಕ್ಕಿರಿಯುವ ನಳಬನ ದ್ವೀಪ ಮಳೆಗಾಲದಲ್ಲಿ ಮುಳುಗುತ್ತದೆ. ಅಲ್ಲಿ ಬಿದ್ದ ಗೊಬ್ಬರವೂ ನೀರಿನ ಪಾಲಾಗುತ್ತದೆ. ಬೆಸ್ತನ ಬಲೆಯಲ್ಲಿ ಹಕ್ಕಿಯ ದುಡಿಮೆಯೂ ಇದೆ ಎಂದರೆ ಅತಿಶಯೋಕ್ತಿಯಲ್ಲ. ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ರೈತರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೆಜ್ಜಾರ್ಲೆಗಳು ಗೂಡು ಕಟ್ಟುವ ಮರಗಳಡಿಯ ಹಿಕ್ಕೆಯನ್ನು ಕೂಡಿಟ್ಟು ಹೊಲಕ್ಕೆ ಹಾಕಿದವರು ಅವರು.

ಗೊಬ್ಬರ ಅತಿಯಾದರೆ ನೀರು ಕೆಡದೆ? ಕೆಡುತ್ತದೆ, ನಿಂತ ನೀರು. ಅಳಿವೆ ತೆರೆದಿದ್ದರೆ ಉಬ್ಬರವಿಳಿತವೇ ಅದನ್ನು ತೊಳೆಯುತ್ತದೆ. ಚಿಲಿಕಾದಲ್ಲಿ ಕೆಟ್ಟದ್ದು ಅಳಿವೆಯೇ. ಹೂಳು ತುಂಬಿ ಅಳಿವೆ ಕಟ್ಟಿತು, ಉಪ್ಪಿನಂಶ ಇಳಿಯಿತು, ಕಳೆ ಹಬ್ಬಿತು, ಮೀನು ಬತ್ತಿತು. 1993ರಲ್ಲಿ ಸರೋವರ ಅಂತರರಾಷ್ಟ್ರೀಯ ಅಪಾಯದ ಪಟ್ಟಿ ಸೇರಿತು. 2000ದ ಸೆಪ್ಟೆಂಬರಿನಲ್ಲಿ ಹೊಸ ಅಳಿವೆ ತೋಡಿದರು; ಮೀನು, ಸಿಗಡಿ, ಏಡಿ ಮರಳಿದವು; 2002ರಲ್ಲಿ ಪಟ್ಟಿಯಿಂದ ಹೆಸರು ತೆಗೆದರು. ಇದಕ್ಕಾಗಿ ಒಂದು ಹಕ್ಕಿಯನ್ನಾದರೂ ಓಡಿಸಬೇಕಾಯಿತೆ?

ಇನ್ನು ಹೊಲಸಿನ ಮಾತು. ಚಿಲಿಕಾ, ಪುಲಿಕಾಟ್ ಸರೋವರಗಳ 1000 ಮೀಟರಿನೊಳಗೆ ಸಿಗಡಿ ಸಾಕಣೆಯ ಉದ್ಯಮ ಕೂಡದೆಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ಮೇಲೂ ಚಿಲಿಕಾದ ನೀರಿನಲ್ಲೇ ಬಲೆ ಬಿದಿರುಗಳ ಬೇಲಿ ನೆಟ್ಟವರು ಮನುಷ್ಯರು, ಕೊಕ್ಕರೆಗಳಲ್ಲ. ಸರಕಾರ ಕಿತ್ತಷ್ಟೂ ಅವು ಮತ್ತೆ ಎದ್ದವು. ಊರಿನ ಚರಂಡಿಯನ್ನು ಸರೋವರಕ್ಕೆ ತಿರುಗಿಸುವವರೂ ನಾವೇ.

ಹಕ್ಕಿ ತಿಂದದ್ದನ್ನು ಗೊಬ್ಬರವಾಗಿ ಹಿಂದಿರುಗಿಸುತ್ತದೆ. ನಾವು ತೆಗೆದುಕೊಂಡದ್ದಕ್ಕೆ ಏನನ್ನು ಹಿಂದಿರುಗಿಸಿದ್ದೇವೆ? ಮೂಗು ಮುಚ್ಚಿಕೊಳ್ಳುವ ಮೊದಲು ನಮ್ಮ ಮಹನೀಯರು ಇದಕ್ಕೆ ಉತ್ತರ ಹೇಳಲಿ.