ಕಾಯುವ ಮಂಕು, ತಿನ್ನುವ ತುಕ್ಕು

ಉಳುಮೆ ಮುಗಿದೊಡನೆ ನೇಗಿಲನ್ನು ಕೊಟ್ಟಿಗೆಯ ಮೂಲೆಗೆ ಒರಗಿಸಿ ಮರೆತುಬಿಡುವವರೇ ನಮ್ಮಲ್ಲಿ ಹೆಚ್ಚು. ಗುಳಕ್ಕೆ ಅಂಟಿದ ಹಸಿ ಮಣ್ಣು ಹಾಗೆಯೇ ಉಳಿಯುತ್ತದೆ. ಮುಂದಿನ ಮುಂಗಾರಿಗೆ ಹೊರತೆಗೆದಾಗ ಗುಳ ತೆಳುವಾಗಿ, ಹಕ್ಕಳೆ ಎದ್ದಿರುತ್ತದೆ. ಬೀಜ, ಗೊಬ್ಬರದ ಖರ್ಚನ್ನು ತಪ್ಪದೆ ಬರೆದಿಡುವ ರೈತರೂ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗಾಳಿಗೊಡ್ಡಿದ ಲೋಹಗಳಲ್ಲಿ ಹೆಚ್ಚಿನವು ಮಂಕಾಗುತ್ತವೆ. ಗಾಳಿಯ ಆಮ್ಲಜನಕದೊಡನೆ ಅವು ಕೂಡಿಕೊಳ್ಳುವುದೇ ಮುಖ್ಯ ಕಾರಣ. ಕೆಲವಕ್ಕೆ ಅವಸರ ಬಹಳ. ಸೋಡಿಯಂ ಕತ್ತರಿಸಿದರೆ ಬೆಳ್ಳಿಯಂತೆ ಹೊಳೆದು, ನೋಡನೋಡುತ್ತಲೇ ಮಸುಕಾಗುತ್ತದೆ. ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುವುದನ್ನು ಹೈಸ್ಕೂಲಿಗೆ ಹೋಗುವ ನಿಮ್ಮ ಮಕ್ಕಳು ಕಂಡಿರಬಹುದು. ಅಲ್ಯೂಮಿನಿಯಂ, ಸತು ಕೂಡ ಕಬ್ಬಿಣಕ್ಕಿಂತ ಚುರುಕಿನವೇ. ಆದರೆ ಅವುಗಳ ಮೇಲೆ ಕೂಡುವ ಪೊರೆ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಸತುವಿನ ಲೇಪದ ತಗಡು ಬೂದು ಬಣ್ಣಕ್ಕೆ ತಿರುಗಿತೆಂದು ಅದನ್ನು ಉಜ್ಜಿ ಹೊಳಪು ಬರಿಸಲು ಹೋಗಬೇಡಿ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಸಡಿಲ, ಉದುರುತ್ತದೆ, ಕೆಳಗಿನ ಹೊಸ ಕಬ್ಬಿಣ ತೇವಕ್ಕೆ ಸಿಗುತ್ತದೆ.

ಒಣಹವೆಯಲ್ಲಿ ತುಕ್ಕು ನಿಧಾನ. ತೇವವಿದ್ದರೆ ಬೇಗ, ಉಪ್ಪೂ ಸೇರಿದರೆ ಇನ್ನೂ ಬೇಗ. ಪೊಟ್ಯಾಷ್ ಗೊಬ್ಬರವೂ ಒಂದು ಬಗೆಯ ಉಪ್ಪೇ. ಗೊಬ್ಬರದ ಚೀಲಗಳ ಪಕ್ಕದಲ್ಲಿ ಸಲಕರಣೆ ಇಡುವ ರೂಢಿ ಒಳ್ಳೆಯದಲ್ಲ. ಮಣ್ಣು ತೊಳೆದು, ಬಿಸಿಲಿಗೆ ಒಣಗಿಸಿ, ಗ್ರೀಸ್ ಸವರಿ ನೆಲಕ್ಕೆ ತಾಗದಂತೆ ಇಡಿ.

ಅಡಿಕೆ ಬೆಳೆಗಾರರಿಗೆ ಒಂದು ಮಾತು ಹೆಚ್ಚು ಹೇಳಬೇಕು. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಬೇಕಷ್ಟೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಿದರೆ ಕಬ್ಬಿಣ ಕರಗಿ, ತಾಮ್ರ ಹೊರಬಂದು ಪಾತ್ರೆಗೆ ಅಂಟುತ್ತದೆ. ಪಾತ್ರೆಯೂ ಹಾಳು, ಔಷಧಿಯ ಬಲವೂ ಕಡಿಮೆ. ಅಲ್ಯೂಮಿನಿಯಂ ಪಾತ್ರೆಯೂ ಬೇಡ. ಅದನ್ನು ಕಾಯುವ ಪೊರೆಯನ್ನೇ ಸುಣ್ಣದ ನೀರು ಕರಗಿಸಿಬಿಡುತ್ತದೆ. ಪ್ಲಾಸ್ಟಿಕ್ ಡ್ರಮ್ಮೋ ಮಣ್ಣಿನ ಬಾನಿಯೋ ಸಾಕು.

ಕಬ್ಬಿಣದ ಇದೇ ಗುಣ ದ್ರಾವಣವನ್ನು ಪರೀಕ್ಷಿಸಲು ಒದಗುತ್ತದೆ. ಹೊಳೆಯುವಂತೆ ಮಸೆದ ಕತ್ತಿಯ ಅಲಗನ್ನು ಸಿದ್ಧವಾದ ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿಡಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕಂಡರೆ ಸುಣ್ಣ ಸಾಲದು; ಇನ್ನಷ್ಟು ಸುಣ್ಣದ ನೀರು ಬೆರೆಸಿ, ಕೆಂಪು ಕಾಣದಂತಾದ ಮೇಲೆಯೇ ಸಿಂಪಡಿಸಿ. ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಚಾಕು ಇದಕ್ಕೆ ಬಾರದು. ತುಕ್ಕು ಹಿಡಿಯುವಂಥ ತೋಟದ ಹಳೆಯ ಕತ್ತಿಯೇ ಆಗಬೇಕು.