ಕಾಮೆಂಟಿಗೂ ಬೆಳಕು ಬೇಕು

ಕೋಡ್ ಬರೆಯುವವರಲ್ಲಿ ಹಲವರಿಗೆ ಕಪ್ಪು ಪರದೆಯೇ ಇಷ್ಟ. ಆ ಕಪ್ಪಿನ ಮೇಲೆ ಕೀವರ್ಡಿಗೆ ಒಂದು ಬಣ್ಣ, ಸ್ಟ್ರಿಂಗಿಗೆ ಇನ್ನೊಂದು, ಫಂಕ್ಷನ್ ಹೆಸರಿಗೆ ಮತ್ತೊಂದು. ಕಾಮೆಂಟಿನ ಪಾಲಿಗೆ ಸಾಮಾನ್ಯವಾಗಿ ಬರುವುದು ಮಂಕು ಬಣ್ಣ. ಮನುಷ್ಯರು ಮನುಷ್ಯರಿಗಾಗಿಯೇ ಬರೆದ ಸಾಲುಗಳು ಅವು. ಓದಲು ಹೆಚ್ಚು ಕಷ್ಟವಾಗುವುದೂ ಅವೇ. ಹೊಸದಾಗಿ ಡಾರ್ಕ್ ಥೀಮ್ ಕಟ್ಟುವವರು ಈ ರೂಢಿಯನ್ನು ಕೈಬಿಡಬೇಕು.

ಮಂಕು ಎಷ್ಟೆಂದು ಅಳೆಯಬಹುದು. ವೆಬ್ ಪುಟಗಳಿಗಾಗಿ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಲಿ ಎನ್ನುತ್ತದೆ. ಈಥನ್ ಸ್ಕೂನೋವರ್ 2011ರಲ್ಲಿ ಹೊರತಂದ ಸೋಲರೈಸ್ಡ್, 16 ಬಣ್ಣಗಳನ್ನು ಬಹಳ ಎಚ್ಚರದಿಂದ ಲೆಕ್ಕಹಾಕಿ ಜೋಡಿಸಿದ ಥೀಮ್. ಅದರ ಡಾರ್ಕ್ ರೂಪದಲ್ಲಿ ಮುಖ್ಯ ಪಠ್ಯದ ಕಾಂಟ್ರಾಸ್ಟ್ ಸುಮಾರು 4.7, ಕಾಮೆಂಟಿನದು 2.8. ಜನಪ್ರಿಯ ಡ್ರಾಕುಲಾ ಥೀಮಿನ ಕಾಮೆಂಟ್ ಬಣ್ಣವೂ 3ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಮಸುಕು ಮಾಡುವವರಿಗೂ ತಮ್ಮದೇ ವಾದವಿದೆ. ಕಾಮೆಂಟನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಷ್ಟೋ ಕಾಮೆಂಟುಗಳು ಹಳತಾಗಿ ಸುಳ್ಳೂ ಆಗಿರುತ್ತವೆ. ಆದ್ದರಿಂದ ಕಣ್ಣು ಕೋಡಿನ ಮೇಲಿರಲಿ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಹಳತಾದ ಕಾಮೆಂಟ್ ಕಣ್ಣಿಗೆ ಬಿದ್ದರೆ ತಾನೇ ಯಾರಾದರೂ ಅದನ್ನು ತಿದ್ದುವುದು?

ಈ ಮಂಕಿನ ಪೆಟ್ಟು ಅನುವಾದಕರಿಗೂ ತಗಲುತ್ತದೆ. ಸಾಫ್ಟ್‌ವೇರನ್ನು ಕನ್ನಡಕ್ಕೆ ತರಲು ಬಳಸುವ ಪಿಒ ಫೈಲುಗಳಲ್ಲಿ ಡೆವಲಪರ್‌ಗಳು ಅನುವಾದಕರಿಗೆ ಕೊಡುವ ಸೂಚನೆ ಹ್ಯಾಶ್ ಗುರುತಿನಿಂದ ಶುರುವಾಗುವ ಸಾಲಿನಲ್ಲಿರುತ್ತದೆ. 'ಓಪನ್' ಎಂಬ ಪದ ಬಟನ್ ಮೇಲಿದ್ದರೆ 'ತೆರೆ'. ಸ್ಥಿತಿ ಹೇಳುತ್ತಿದ್ದರೆ 'ತೆರೆದಿದೆ'. ಯಾವುದೆಂದು ತಿಳಿಸುವುದು ಆ ಒಂದು ಸಾಲು. ಎಡಿಟರ್ ಅದನ್ನೂ ಕಾಮೆಂಟ್ ಎಂದೇ ಎಣಿಸಿ ಮಂಕು ಬಳಿಯುತ್ತದೆ. ಸೂಚನೆ ಕಣ್ತಪ್ಪಿದರೆ ತಪ್ಪು ಕನ್ನಡ ಓದುಗರ ಪರದೆಗೆ ಹೋಗುತ್ತದೆ.

ಕಾಮೆಂಟೇ ಕನ್ನಡದಲ್ಲಿದ್ದರೆ ಕಷ್ಟ ಇನ್ನೂ ಹೆಚ್ಚು. ಪ, ಫ, ಷ ಇವನ್ನು ಬೇರ್ಪಡಿಸುವುದು ಒಂದೊಂದು ಸಣ್ಣ ಗೆರೆ. 'ರಾಷ್ಟ್ರ'ದ ಒತ್ತುಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂರುತ್ತವೆ. ಮಂಕಿನಲ್ಲಿ ಮೊದಲು ಕರಗುವುದು ಇವೇ. ಕೆಲವು ಥೀಮುಗಳು ಕಾಮೆಂಟನ್ನು ಇಟಾಲಿಕ್ ಮಾಡುತ್ತವೆ. ಇಟಾಲಿಕ್ ಸಂಪ್ರದಾಯವಿಲ್ಲದ ಕನ್ನಡ ಲಿಪಿಯನ್ನು ಹಾಗೆ ಬಲವಂತವಾಗಿ ಓರೆ ಮಾಡಿದರೆ ಅಕ್ಷರ ಮತ್ತಷ್ಟು ಕೆಡುತ್ತದೆ.

ರೂಢಿ ಬದಲಾಗದು ಎನ್ನುವವರು ಟರ್ಮಿನಲ್ಲಿನ ನೀಲಿಯನ್ನು ನೆನೆಯಲಿ. ಹೊಳಪಿನ ಲೆಕ್ಕದಲ್ಲಿ ಹಸಿರಿನ ತೂಕ ಶೇ. 72ರಷ್ಟು, ಕೆಂಪಿನದು 21, ನೀಲಿಯದು ಬರೀ 7. ಹೀಗಾಗಿ ವಿಂಡೋಸ್ ಕನ್ಸೋಲಿನ ಹಳೆಯ ಕಡುನೀಲಿಗೆ ಕಪ್ಪಿನ ಮೇಲೆ ಸಿಗುತ್ತಿದ್ದ ಕಾಂಟ್ರಾಸ್ಟ್ ಕೇವಲ 1.3. ವರ್ಷಗಟ್ಟಲೆ ಜನ ಅದನ್ನೇ ಕಣ್ಣು ಕಿರಿದು ಮಾಡಿ ಓದಿದರು. 2017ರಲ್ಲಿ ಮೈಕ್ರೋಸಾಫ್ಟ್ ಆ ನೀಲಿಗೆ ಹೊಳಪು ಕೊಟ್ಟಿತು.

ಥೀಮ್ ಕಟ್ಟುವವರು ಬಣ್ಣ ಆರಿಸುವ ಕ್ರಮವನ್ನು ಬದಲಿಸಿಕೊಂಡರೆ ಸಾಕು. ಮೊದಲು ಹಿನ್ನೆಲೆ, ಆಮೇಲೆ ಮುಖ್ಯ ಪಠ್ಯ, ಮೂರನೆಯದೇ ಕಾಮೆಂಟ್, ಅದು 4.5 ದಾಟಿದ ಮೇಲೆ ಉಳಿದ ಬಣ್ಣಗಳು. ಕಣ್ಣು ಕುಕ್ಕುವ ಬಿಳಿ ಬೇಕಾಗಿಲ್ಲ. ಕೋಡಿನಲ್ಲಿ ಬೇರೆಲ್ಲೂ ಬಳಸದ ಒಂದು ತಿಳಿಹಸಿರೋ ತಿಳಿಗಂದೋ ಇದ್ದರೆ ಕಾಮೆಂಟ್ ಬೇರೆಯಾಗಿ ಕಾಣುತ್ತದೆ, ಓದಲೂ ಸಿಗುತ್ತದೆ.